ದುಡಿಮೆ ಕಾಲಿನದು, ಆಸರೆ ಹಾಡಿನದು

ಹಾಡು ಕೇಳುತ್ತ ವ್ಯಾಯಾಮ ಮಾಡಿದರೆ ಹಾರ್ಮೋನುಗಳು ಬೇಗ ಹದಕ್ಕೆ ಬರುತ್ತವೆ ಎಂದು ನಂಬಿದವರಿದ್ದಾರೆ. ನಂಬಿಕೆ ಪೂರ್ತಿ ಸುಳ್ಳಲ್ಲ, ಆದರೆ ಹಾಡಿಗೆ ಸಲ್ಲದ ಶ್ರೇಯಸ್ಸನ್ನು ಕೊಡುತ್ತದೆ. ಬಿರುಸಾಗಿ ನಡೆಯುವಾಗ ತೊಡೆ, ಮೀನಖಂಡಗಳ ಸ್ನಾಯು ಬಿಗಿದು ಸಡಿಲಗೊಂಡಂತೆಲ್ಲ ಗ್ಲುಟ್-4 ಎಂಬ ಪ್ರೋಟೀನು ಜೀವಕೋಶದ ಅಂಚಿಗೆ ಬಂದು ರಕ್ತದ ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಅದು ಇನ್ಸುಲಿನ್ ಎಂಬ ಹಾರ್ಮೋನಿನ ಅಪ್ಪಣೆಗೂ ಕಾಯುವುದಿಲ್ಲ. ನಡಿಗೆ ಮುಗಿದ ಮೇಲೆ ಒಂದೆರಡು ದಿನ ಸ್ನಾಯು ಇನ್ಸುಲಿನ್ನಿನ ಮಾತನ್ನು ಚೆನ್ನಾಗಿ ಕೇಳುತ್ತದೆ, ಆಮೇಲೆ ಮೊದಲಿನಂತೆಯೇ. ಹಾಗಾಗಿ ಎಷ್ಟು ಜೋರಾಗಿ ನಡೆದೆವು ಎಂಬುದಕ್ಕಿಂತ ನಾಳೆಯೂ ನಡೆಯುತ್ತೇವೆಯೇ ಎಂಬುದು ದೊಡ್ಡ ಪ್ರಶ್ನೆ. ಹಾಡು ಕೆಲಸಕ್ಕೆ ಬರುವುದು ಅಲ್ಲಿ.

ಬ್ಯಾಂಡ್ ನುಡಿಯುವಾಗ ಸೈಕಲ್ ಪಂದ್ಯದ ಸವಾರರ ವೇಗ ಹೆಚ್ಚುತ್ತದೆ ಎಂದು ಅಮೆರಿಕದ ಲೆನರ್ಡ್ ಏರ್ಸ್ 1911ರಲ್ಲೇ ಬರೆದಿದ್ದರು. 2020ರಲ್ಲಿ 139 ಅಧ್ಯಯನಗಳನ್ನು ಒಟ್ಟಿಗೆ ಅಳೆದು ನೋಡಿದಾಗ, ಸಂಗೀತದಿಂದ ವ್ಯಾಯಾಮ ಹೆಚ್ಚು ಹಿತವೆನಿಸುತ್ತದೆ, ದಣಿವು ಕಡಿಮೆ ಅನ್ನಿಸುತ್ತದೆ ಎಂಬುದು ಗಟ್ಟಿಯಾಯಿತು. ಎದೆಬಡಿತದಲ್ಲಿ ಮಾತ್ರ ಗಮನಾರ್ಹ ಲಾಭ ಕಾಣಲಿಲ್ಲ. ನನಗೆ ಇನ್ನೂ ಮುಖ್ಯವೆನಿಸುವುದು 2013ರಲ್ಲಿ ಜರ್ಮನಿಯ ಸಂಶೋಧಕರು ಮಾಡಿದ ಪ್ರಯೋಗ: ವ್ಯಾಯಾಮದ ಯಂತ್ರವನ್ನು ಎಳೆದಂತೆ ಸಂಗೀತ ತಾವೇ ಹುಟ್ಟಿಸಿದವರಿಗೆ, ಬರೀ ಕೇಳಿದವರಿಗಿಂತ ಆಯಾಸ ಕಡಿಮೆ ಅನ್ನಿಸಿತು. ಸೊಂಟಕ್ಕೆ ಡೊಳ್ಳು ಕಟ್ಟಿ ಕುಣಿಯುತ್ತಲೇ ಬಾರಿಸುವವರನ್ನು, ಕೋಲು ತಟ್ಟಿ ಸುತ್ತು ಹಾಕುವವರನ್ನು ನೋಡಿದ ನಾಡಿಗೆ ಇದು ಅಚ್ಚರಿಯಾಗಬಾರದು.

ಒತ್ತಡದ ಹಾರ್ಮೋನು ಕಾರ್ಟಿಸೋಲ್ ಹಾಡಿನಿಂದಲೇ ಇಳಿಯುತ್ತದಲ್ಲ ಎಂದು ಕೆಲವರು ಕೇಳಬಹುದು. ವ್ಯಾಯಾಮದ ನಡುವೆ ಹಾಗಾಗುತ್ತದೆ ಎನ್ನಲು ಇರುವ ಅಧ್ಯಯನಗಳು ಚಿಕ್ಕವು, ಫಲಿತಾಂಶಗಳೂ ಒಂದಕ್ಕೊಂದು ಹೊಂದುವುದಿಲ್ಲ. ಕಠಿಣ ವ್ಯಾಯಾಮದಲ್ಲಂತೂ ಕಾರ್ಟಿಸೋಲ್ ಏರುವುದೇ ಸಹಜ. ಹಾಡಿನ ಪರಿಣಾಮ ಅಷ್ಟು ಸಣ್ಣದಾದರೆ ಅದರ ಗೊಡವೆ ಯಾಕೆ ಎಂಬ ಆಕ್ಷೇಪ ಇದಕ್ಕಿಂತ ತೂಕದ್ದು. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆ ಎಂದು ಐಸಿಎಂಆರ್ ಬೆಂಬಲದ ಸಮೀಕ್ಷೆ 2023ರಲ್ಲಿ ಅಂದಾಜಿಸಿತು. ವಾರಕ್ಕೆ ಕನಿಷ್ಠ 150 ನಿಮಿಷ ಮೈ ದುಡಿಯಲಿ ಎಂಬ ಸಲಹೆ ಇವರಲ್ಲಿ ಯಾರಿಗೆ ಗೊತ್ತಿಲ್ಲ? ಬೇಸರ ಬಂದು ಹತ್ತನೇ ದಿನ ಶೂ ಮೂಲೆ ಸೇರುವುದೇ ನಿಜವಾದ ತೊಡಕು. ಆ ಬೇಸರವನ್ನು ಖರ್ಚಿಲ್ಲದೆ ತಗ್ಗಿಸುವ ಸಾಧನವನ್ನು ಸಣ್ಣದೆಂದು ತಳ್ಳುವುದು ತಪ್ಪು. ಆದ್ದರಿಂದ ವೈದ್ಯರು ಕೊಟ್ಟ ಮಾತ್ರೆ ಬಿಡದೆ, ರಸ್ತೆಯಲ್ಲಿ ವಾಹನದ ಸದ್ದು ಕೇಳುವಷ್ಟು ಕಿವಿ ತೆರೆದಿಟ್ಟು, ನಿಮ್ಮ ಹೆಜ್ಜೆಗೆ ಹೊಂದುವ ಹಾಡು ಆರಿಸಿಕೊಳ್ಳಿ. ನಾಳೆ ಬೆಳಿಗ್ಗೆಯೂ ಹೊರಡಿ.