ಹಂಗಿನ ಮೇಷ್ಟ್ರು ಹಕ್ಕಿನ ಪಾಠ ಹೇಳುವುದು ಹೇಗೆ?

ಕನ್ನಡದ ಯುವ ಮಿತ್ರರೇ,

"ಹಿಂದಿ ರಾಷ್ಟ್ರಭಾಷೆ, ಕಲಿಯಲೇಬೇಕು" ಎಂದು ಬ್ಯಾಂಕಿನ ಕೌಂಟರಿನಲ್ಲಿ ಯಾರಾದರೂ ದಬಾಯಿಸಿದರೆ ನೀವು ಕೊಡುವ ಉತ್ತರವೇನು? ಕೂಗಾಡಬಹುದು. ವಿಡಿಯೋ ಮಾಡಿ ಹರಿಬಿಡಬಹುದು. ಆದರೆ ಎದುರಿನವನ ಬಾಯಿ ಮುಚ್ಚಿಸಬೇಕಾದರೆ ಸಂವಿಧಾನ ಗೊತ್ತಿರಬೇಕು. 343ನೇ ವಿಧಿ ಹಿಂದಿಯನ್ನು ಕೇಂದ್ರದ ಆಡಳಿತ ಭಾಷೆ ಎಂದಿದೆಯೇ ಹೊರತು ರಾಷ್ಟ್ರಭಾಷೆ ಎಂದಿಲ್ಲ. 345ನೇ ವಿಧಿ ರಾಜ್ಯಗಳಿಗೆ ತಮ್ಮ ಆಡಳಿತ ಭಾಷೆಯನ್ನು ಆರಿಸಿಕೊಳ್ಳುವ ಅಧಿಕಾರ ಕೊಟ್ಟಿದೆ. ಆ ಅಧಿಕಾರದಿಂದಲೇ 1963ರಲ್ಲಿ ನಮ್ಮ ವಿಧಾನಮಂಡಲ ಕನ್ನಡವನ್ನು ಆಡಳಿತ ಭಾಷೆ ಮಾಡಿ ಕಾಯ್ದೆ ತಂದಿತು.

ಇಷ್ಟು ಮಾತನ್ನು ಕನ್ನಡದ ಹುಡುಗ, ಹುಡುಗಿ ಎಲ್ಲಿ ಕಲಿಯಬೇಕು? ಸರ್ಕಾರಿ ಪದವಿ ಕಾಲೇಜಿನ ಬಿ.ಎ. ತರಗತಿಯಲ್ಲಿ, ರಾಜ್ಯಶಾಸ್ತ್ರದ ಪಾಠದಲ್ಲಿ. ಅಲ್ಲಿ ಬೋರ್ಡಿನ ಮುಂದೆ ನಿಂತಿರುವವರು ಯಾರು? ಬಹುಪಾಲು ಕಡೆ ಒಬ್ಬ "ಅತಿಥಿ". ಈ ವರ್ಷ ಇದ್ದವರು ಮುಂದಿನ ವರ್ಷ ಇರುತ್ತಾರೆಂಬ ಖಾತ್ರಿ ಅವರಿಗೇ ಇಲ್ಲ.

ನಾನು ಓದಿದ್ದು ಪಿಯುಸಿವರೆಗೆ. ಹೊಟ್ಟೆಪಾಡಿಗೆ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡವನು. ವಿಶ್ವವಿದ್ಯಾನಿಲಯದ ವಿಷಯ ನಿನಗೇಕೆ ಎಂದು ನೀವು ಕೇಳಬಹುದು. ವಿಶ್ವವಿದ್ಯಾನಿಲಯ ನಡೆಯುವುದು ನನ್ನಂಥವರ ತೆರಿಗೆಯಿಂದ. ಅಲ್ಲಿ ಕಲಿತು ಬರುವವರು ನಮ್ಮ ಮಕ್ಕಳು. ಕೇಳುವ ಹಕ್ಕು ನನಗಿದೆ.

ಇದೆಂಥ ಅತಿಥಿ ಸತ್ಕಾರ?

ಅತಿಥಿ ಎಂದರೆ ನಾವು ಕರೆದು, ಮಣೆ ಹಾಕಿ, ಊಟ ಬಡಿಸಿ ಕಳಿಸುವವರು. ನಮ್ಮ ಘನ ಸರ್ಕಾರದ ಅತಿಥಿ ಪ್ರತಿ ವರ್ಷ ತಾನೇ ಅರ್ಜಿ ಹಾಕಿಕೊಂಡು ಬಾಗಿಲು ತಟ್ಟಬೇಕು. ಪರೀಕ್ಷೆ ಮುಗಿಯುತ್ತಿದ್ದಂತೆ ಮನೆಗೆ ಹೋಗಬೇಕು. ರಜೆಯ ತಿಂಗಳುಗಳಲ್ಲಿ ಸಂಬಳವಿಲ್ಲ. ಅವರ ಮಕ್ಕಳಿಗೆ ಆ ತಿಂಗಳುಗಳಲ್ಲಿ ಹಸಿವಾಗುವುದಿಲ್ಲವೇ?

2023ರ ಕೊನೆಯ ಹೊತ್ತಿಗೆ ರಾಜ್ಯದ ಸುಮಾರು 430 ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ 10 ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿದ್ದರು. ಕಾಯಂ ಉಪನ್ಯಾಸಕರಿಗಿಂತ ಇವರೇ ಹೆಚ್ಚು. ಮನೆಯವರಿಗಿಂತ ನೆಂಟರೇ ಹೆಚ್ಚಾದ ಮನೆ ಇದು. ಒಲೆ ಹಚ್ಚುವವರೂ ನೆಂಟರೇ, ಕಸ ಗುಡಿಸುವವರೂ ನೆಂಟರೇ. ಆದರೆ ಮನೆಯ ಬೀಗದ ಕೈ ಮಾತ್ರ ಅವರಿಗಿಲ್ಲ.

ಸಂಬಳದ ಲೆಕ್ಕ ನೋಡಿ. 2022ರ ಜನವರಿವರೆಗೆ ಇವರಿಗೆ ಸಿಗುತ್ತಿದ್ದುದು ತಿಂಗಳಿಗೆ 11ರಿಂದ 13 ಸಾವಿರ. ಹೋರಾಟದ ನಂತರ ಅದನ್ನು ಅರ್ಹತೆ, ಅನುಭವ ನೋಡಿ 26ರಿಂದ 32 ಸಾವಿರಕ್ಕೆ ಏರಿಸಿದರು. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಿತ್ತುಕೊಂಡರು. ವಾರದ ಪಾಠದ ಅವಧಿ 15 ಗಂಟೆಗೆ ಏರಿತು, ಇಬ್ಬರ ಕೆಲಸ ಒಬ್ಬರಿಗೆ ಬಿತ್ತು, ಎಷ್ಟೋ ಜನ ಬೀದಿಗೆ ಬಿದ್ದರು. 2023ರ ಡಿಸೆಂಬರಿನಲ್ಲಿ ಮತ್ತೆ ಮುಷ್ಕರದ ಬಿಸಿ ತಟ್ಟಿದಾಗ ಸೇವೆಯ ವರ್ಷ ನೋಡಿ 5ರಿಂದ 8 ಸಾವಿರದ ಹೆಚ್ಚಳ ಘೋಷಿಸಿದರು. ಅದೇ ಪಾಠ, ಅದೇ ಪಠ್ಯ, ಅದೇ ಮೌಲ್ಯಮಾಪನ ಮಾಡುವ ಕಾಯಂ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲ ವೇತನವೇ 57,700 ರೂಪಾಯಿ. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಬೇರೆ.

ಇದೇ ಅತಿಥಿ ತರಗತಿಯಲ್ಲಿ ಸಂವಿಧಾನದ 39ನೇ ವಿಧಿಯನ್ನು ಪಾಠ ಮಾಡಬೇಕು. ಗಂಡಾಗಲಿ ಹೆಣ್ಣಾಗಲಿ, ಸಮಾನ ಕೆಲಸಕ್ಕೆ ಸಮಾನ ವೇತನ ಎಂದು ಬೋರ್ಡಿನ ಮೇಲೆ ಬರೆಯಬೇಕು. ಬರೆದು, ಸೀಮೆಸುಣ್ಣದ ಕೈ ಒರೆಸಿಕೊಂಡು, ಮನೆಗೆ ಬಂದು ಬಾಡಿಗೆಗೆ ಸಾಲ ಕೇಳಬೇಕು. ವಿದ್ಯಾರ್ಥಿಗಳು ದಡ್ಡರಲ್ಲ ಸ್ವಾಮಿ. ಮೇಷ್ಟ್ರ ಚಪ್ಪಲಿ ನೋಡಿಯೇ ಪಾಠದ ಬೆಲೆ ಅಳೆಯುತ್ತಾರೆ.

ರಾಜ್ಯಶಾಸ್ತ್ರಕ್ಕೇ ಏಕೆ ಹೆಚ್ಚು ಪೆಟ್ಟು?

ಅನ್ಯಾಯ ಎಲ್ಲ ವಿಷಯದ ಅತಿಥಿಗಳಿಗೂ ಒಂದೇ. ಆದರೆ ಹಾನಿ ಒಂದೇ ಅಲ್ಲ. ರಸಾಯನಶಾಸ್ತ್ರದ ಮೇಷ್ಟ್ರು ಗುತ್ತಿಗೆಯವರಾದರೂ ನೀರಿನ ಸೂತ್ರ ಬದಲಾಗುವುದಿಲ್ಲ. ಯಾವ ಶಾಸಕನೂ ಬಂದು "ಆ ಸೂತ್ರ ಹೇಳಿಕೊಡಬೇಡ" ಎನ್ನುವುದಿಲ್ಲ. ರಾಜ್ಯಶಾಸ್ತ್ರ ಹಾಗಲ್ಲ. ಅಧಿಕಾರದಲ್ಲಿ ಇರುವವರು ಏನು ಮಾಡಬಹುದು, ಏನು ಮಾಡಬಾರದು ಎಂಬುದೇ ಅದರ ಪಾಠ. ಆ ಪಾಠಕ್ಕೆ ಬೆನ್ನುಮೂಳೆ ಬೇಕು. ಬೆನ್ನುಮೂಳೆಗೆ ಆಧಾರ ಬೇಕು.

ಸರ್ಕಾರಿ ಪದವಿ ಕಾಲೇಜುಗಳಲ್ಲಿ ಕಾಲೇಜು ಅಭಿವೃದ್ಧಿ ಸಮಿತಿಗೆ ಸಾಮಾನ್ಯವಾಗಿ ಸ್ಥಳೀಯ ಶಾಸಕರೇ ಅಧ್ಯಕ್ಷರು. ಪಕ್ಷಾಂತರ ನಿಷೇಧ ಕಾಯ್ದೆ 1985ರಲ್ಲಿ ಬಂದದ್ದು, ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿದ್ದು ಪಠ್ಯದಲ್ಲಿದೆ. 2019ರಲ್ಲಿ ಕರ್ನಾಟಕದಲ್ಲೇ 17 ಶಾಸಕರು ಅನರ್ಹರಾದದ್ದು, ಉಪಚುನಾವಣೆಯಾದದ್ದು ಅದಕ್ಕೆ ಕೈಯಳತೆಯ ಉದಾಹರಣೆ. ಅಂಥ ಶಾಸಕರೊಬ್ಬರು ಸಮಿತಿಯ ಅಧ್ಯಕ್ಷರಾಗಿರುವ ಕಾಲೇಜಿನಲ್ಲಿ, ಜೂನ್ ತಿಂಗಳಲ್ಲಿ ಮತ್ತೆ ಅರ್ಜಿ ಹಾಕಬೇಕಾದ ಅತಿಥಿ ಆ ಉದಾಹರಣೆ ಕೊಡುತ್ತಾರೆಯೇ? ಕೊಡುವುದಿಲ್ಲ. ವಿಧಿಯ ನಂಬರು, ತಿದ್ದುಪಡಿಯ ವರ್ಷ ಬರೆಸಿ ಕೈ ತೊಳೆದುಕೊಳ್ಳುತ್ತಾರೆ. ಅದು ಅವರ ಹೇಡಿತನವಲ್ಲ, ಹೊಟ್ಟೆಪಾಡು.

ಕನ್ನಡ ನಾಡಿನ ಪ್ರಶ್ನೆಗಳನ್ನೇ ತೆಗೆದುಕೊಳ್ಳಿ. ತೆರಿಗೆ ಹಂಚಿಕೆಯಲ್ಲಿ 14ನೇ ಹಣಕಾಸು ಆಯೋಗ ಕರ್ನಾಟಕಕ್ಕೆ ಕೊಟ್ಟಿದ್ದ ಪಾಲು ಶೇ. 4.713. ಅದು 15ನೇ ಆಯೋಗದಲ್ಲಿ ಶೇ. 3.647ಕ್ಕೆ ಇಳಿಯಿತು. ಈ ಆಯೋಗ ಹುಟ್ಟುವುದು ಸಂವಿಧಾನದ 280ನೇ ವಿಧಿಯಿಂದ. ಲೋಕಸಭಾ ಕ್ಷೇತ್ರಗಳ ಮರುವಿಂಗಡಣೆಯಾದರೆ ಜನಸಂಖ್ಯೆ ಹಿಡಿತದಲ್ಲಿಟ್ಟ ನಮ್ಮ ರಾಜ್ಯದ ದನಿ ಏನಾಗುತ್ತದೆ? ಗಡಿ ವಿವಾದದಲ್ಲಿ 1967ರ ಮಹಾಜನ ವರದಿ ಹೇಳಿದ್ದೇನು? ಇವು ವೇದಿಕೆಯ ಭಾಷಣದಲ್ಲಿ ಮುಗಿಯುವ ವಿಷಯಗಳಲ್ಲ. ಮೂರು ವರ್ಷ ಒಂದೇ ಮೇಷ್ಟ್ರು ಕೂರಿಸಿ, ಪರ ವಿರೋಧ ಎರಡನ್ನೂ ವಾದಕ್ಕೆ ಹಚ್ಚಿ ಕಲಿಸಬೇಕಾದವು. ವರ್ಷಕ್ಕೊಬ್ಬ ಮೇಷ್ಟ್ರು ಬದಲಾಗುವ ತರಗತಿಯಲ್ಲಿ ಯಾರು ಕಲಿಸಬೇಕು?

ಪ್ರೆಸ್ಸಿನಲ್ಲಿ ಕಂಡ ಸತ್ಯ

ಪ್ರೆಸ್ಸಿನವನಾಗಿ ನನಗೆ ಕಾಣುವ ಇನ್ನೊಂದು ಮುಖ ಹೇಳುತ್ತೇನೆ. ಕನ್ನಡದಲ್ಲಿ ರಾಜ್ಯಶಾಸ್ತ್ರದ ಹೊಸ ಪುಸ್ತಕ ಅಚ್ಚಿಗೆ ಬರುವುದು ಅಪರೂಪವಾಗುತ್ತಿದೆ. ಬರುವುದೆಲ್ಲ ಗೈಡು, ಪ್ರಶ್ನೋತ್ತರ, ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು. ಪರೀಕ್ಷೆಗೆ ಹದಿನೈದು ದಿನ ಮುಂಚೆ ಮ್ಯಾಟರ್ ಬರುತ್ತದೆ, ಎರಡು ರಾತ್ರಿಯಲ್ಲಿ ಪ್ಲೇಟ್ ಆಗಬೇಕು, ತಪ್ಪು ತಿದ್ದಲು ಪುರುಸೊತ್ತಿಲ್ಲ.

ಪಠ್ಯಕ್ರಮದ ಗತಿಯೂ ಹಾಗೇ ಇದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಎಂದು ಎಲ್ಲ ಬದಲಾಯಿಸಿದರು. 2024-25ರಲ್ಲಿ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಬಂದರು. ಎರಡು ಸಲ ಪಠ್ಯ ಬದಲಾಯಿತು. ಪಠ್ಯ ಬದಲಾದಾಗ ಕನ್ನಡದಲ್ಲಿ ಪುಸ್ತಕ ಬರೆಯುವವರು ಯಾರು? ಬರೆಯಲು ಒಂದೆರಡು ವರ್ಷ ಬೇಕು, ಗ್ರಂಥಾಲಯ ಬೇಕು, ನೆಮ್ಮದಿ ಬೇಕು. ಬೆಳಿಗ್ಗೆ ಒಂದು ಕಾಲೇಜು, ಮಧ್ಯಾಹ್ನ ಇನ್ನೊಂದು ಟ್ಯುಟೋರಿಯಲ್, ರಾತ್ರಿ ನಮ್ಮಂಥ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಎಂ.ಎ. ಪದವೀಧರರು ಪುಸ್ತಕ ಬರೆಯುತ್ತಾರೆಯೇ?

ಅಂಥ ಒಬ್ಬರು ನನ್ನ ಬಳಿ ಒಂದು ಕಿರುಹೊತ್ತಿಗೆ ತಂದರು. ಕೇಂದ್ರ ರಾಜ್ಯಗಳ ಹಣಕಾಸಿನ ಸಂಬಂಧದ ಮೇಲೆ, 48 ಪುಟ, ಹಳ್ಳಿಯ ಹುಡುಗನಿಗೂ ತಿಳಿಯುವ ಕನ್ನಡ. ಪ್ರೂಫ್ ಓದಿ ಖುಷಿಯಾಯಿತು. ಕೊನೆಗೆ ಅವರು ಹೇಳಿದ್ದು ಒಂದೇ ಮಾತು: "ಅಣ್ಣಾ, ಲೇಖಕರ ಹೆಸರು ಹಾಕಬೇಡಿ. ಮುಂದಿನ ವರ್ಷ ತೆಗೆದುಕೊಳ್ಳದಿದ್ದರೆ ಕಷ್ಟ."

ಯೋಚನೆ ಮಾಡಿ. ಚುನಾವಣೆಯಲ್ಲಿ ಒಂದು ಕರಪತ್ರ ಅಚ್ಚು ಹಾಕಿದರೆ ನನ್ನ ಹೆಸರು, ವಿಳಾಸ ಅದರ ಮೇಲೆ ಇರಲೇಬೇಕು. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಅದು. ತಪ್ಪಿದರೆ ಆರು ತಿಂಗಳ ಜೈಲೂ ಆಗಬಹುದು. ಅಚ್ಚು ಹಾಕುವ ನಾನು ಹೆಸರು ಹಾಕಿಕೊಳ್ಳದಿದ್ದರೆ ಅಪರಾಧ. ವಿದ್ಯೆ ಕಲಿಸುವ ಮೇಷ್ಟ್ರು ಹೆಸರು ಹಾಕಿಕೊಂಡರೆ ಅನ್ನಕ್ಕೆ ಕುತ್ತು! ಇದು ಯಾವ ನ್ಯಾಯ?

ಡಿವಿಜಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಆದರೂ ರಾಜ್ಯಶಾಸ್ತ್ರವನ್ನು ಕನ್ನಡದಲ್ಲಿ ಬರೆದರು. ಜನಸಾಮಾನ್ಯರಿಗೆ ರಾಜಕೀಯದ ತಿಳಿವಳಿಕೆ ಕೊಡಲು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಕುವೆಂಪು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿ ಉನ್ನತ ಶಿಕ್ಷಣ ಕನ್ನಡದಲ್ಲಿ ಸಾಧ್ಯ ಎಂದು ಹಟ ಹಿಡಿದರು. ಆ ಹಟದ ಬೇರು ಒಣಗುತ್ತಿರುವುದು ಇಂಗ್ಲಿಷಿನಿಂದ ಮಾತ್ರವಲ್ಲ. ಕನ್ನಡದಲ್ಲಿ ಕಲಿಸುವವನಿಗೆ ಕೂರಲು ಕುರ್ಚಿ ಕೊಡದ ನಮ್ಮದೇ ಸರ್ಕಾರಗಳಿಂದ.

ಕಾನೂನು ಏನು ಹೇಳುತ್ತದೆ?

ಯುಜಿಸಿಯ 2018ರ ನಿಯಮಾವಳಿ ಸ್ಪಷ್ಟವಾಗಿದೆ. ತೀರಾ ಅನಿವಾರ್ಯವಾದಾಗ ಮಾತ್ರ ಗುತ್ತಿಗೆ. ಅದೂ ಒಟ್ಟು ಹುದ್ದೆಗಳ ಶೇ. 10 ಮೀರಬಾರದು. ಸಂಬಳ ಕಾಯಂ ಸಹಾಯಕ ಪ್ರಾಧ್ಯಾಪಕರ ಒಟ್ಟು ಸಂಬಳಕ್ಕಿಂತ ಕಡಿಮೆ ಇರಬಾರದು. "ಗುತ್ತಿಗೆ" ಎಂಬ ಪದ ತೆಗೆದು "ಅತಿಥಿ" ಎಂದು ಹೆಸರಿಟ್ಟು ಇದನ್ನೆಲ್ಲ ಗಾಳಿಗೆ ತೂರಿದರು. ಅತಿಥಿಗಳಿಗೂ ಯುಜಿಸಿ 2019ರಲ್ಲಿ ದರ ಹೇಳಿತು: ಒಂದು ಪಾಠಕ್ಕೆ 1,500 ರೂಪಾಯಿ, ತಿಂಗಳಿಗೆ 50 ಸಾವಿರದವರೆಗೆ. ಅದೂ ಕಾಗದದಲ್ಲೇ ಉಳಿಯಿತು. ಇದರ ಮೇಲೆ, 2025ರ ಜನವರಿಯಲ್ಲಿ ಯುಜಿಸಿ ಹೊರಡಿಸಿದ ಹೊಸ ಕರಡಿನಲ್ಲಿ ಆ ಶೇ. 10ರ ಮಿತಿಯನ್ನೇ ಕೈಬಿಟ್ಟಿತು. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ.

"ಕೋರ್ಟು ಬಿಡುವುದಿಲ್ಲ" ಎನ್ನುವುದು ಸರ್ಕಾರದ ಮಾಮೂಲಿ ರಾಗ. ತೋರಿಸುವುದು 2006ರ ಉಮಾದೇವಿ ತೀರ್ಪನ್ನು. ಕರ್ನಾಟಕದಿಂದಲೇ ಹೋದ ಮೊಕದ್ದಮೆ ಅದು. ಹಿಂಬಾಗಿಲಿನಿಂದ ಬಂದವರನ್ನು ಕಾಯಂ ಮಾಡಬೇಡಿ ಎಂದದ್ದು ನಿಜ. ಮುಂಬಾಗಿಲು ತೆರೆದು ಕ್ರಮಬದ್ಧವಾಗಿ ನೇಮಕ ಮಾಡಿ ಎಂದದ್ದೂ ಅದೇ ತೀರ್ಪು! ಆ ಅರ್ಧವನ್ನು ಏಕೆ ಓದುವುದಿಲ್ಲ? ಆ ತೀರ್ಪನ್ನು ದುಡಿಯುವವರ ಶೋಷಣೆಗೆ ಗುರಾಣಿ ಮಾಡಿಕೊಳ್ಳಬೇಡಿ ಎಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೇ ಎಚ್ಚರಿಸಿದೆ. 2025ರ ಆಗಸ್ಟಿನಲ್ಲಿ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಮೊಕದ್ದಮೆಯಲ್ಲಿ ಅವರಿಗೆ ಕನಿಷ್ಠ ವೇತನ ಶ್ರೇಣಿ ಕೊಡಿ ಎಂದು ಆದೇಶಿಸಿತು. ಸಭೆಗಳಲ್ಲಿ ಗುರುವಿನ ಶ್ಲೋಕ ಹೇಳಿದರೆ ಸಾಲದು, ನಡೆಸಿಕೊಳ್ಳುವ ರೀತಿಯಲ್ಲೂ ಗೌರವ ಕಾಣಬೇಕು ಎಂಬ ಅರ್ಥದ ಮಾತನ್ನೂ ಸೇರಿಸಿತು.

"ಅವರಲ್ಲಿ ಎಷ್ಟೋ ಜನಕ್ಕೆ ನೆಟ್, ಕೆ-ಸೆಟ್ ಆಗಿಲ್ಲ" ಎನ್ನುವವರಿದ್ದಾರೆ. ಒಪ್ಪೋಣ. ಅರ್ಹತೆ ಬೇಕೇ ಬೇಕು, ಅರೆಬೆಂದ ಮೇಷ್ಟ್ರು ನಮ್ಮ ಮಕ್ಕಳಿಗೆ ಬೇಡ. ಆದರೆ ಅರ್ಹತೆ ಇರುವವರಿಗಾದರೂ ಹುದ್ದೆ ಕೊಟ್ಟಿರಾ? 1,242 ಸಹಾಯಕ ಪ್ರಾಧ್ಯಾಪಕರ ನೇಮಕಕ್ಕೆ 2021ರಲ್ಲಿ ಅರ್ಜಿ ಕರೆದು, 2022ರ ಮಾರ್ಚಿನಲ್ಲಿ ಪರೀಕ್ಷೆ ನಡೆಸಿದರು. ಪ್ರಶ್ನೆಪತ್ರಿಕೆ ಸೋರಿದ ಹಗರಣವಾಯಿತು. ಆದೇಶ ಕೈಸೇರುವ ಹೊತ್ತಿಗೆ ವರ್ಷಗಳೇ ಉರುಳಿದವು. ನೇಮಕಾತಿ ಐದಾರು ವರ್ಷಕ್ಕೊಮ್ಮೆ ಬರುವ ಜಾತ್ರೆಯಾದರೆ, ಮೂವತ್ತರ ಹುಡುಗ ನಲವತ್ತು ದಾಟುವವರೆಗೂ ಅತಿಥಿಯಾಗಿಯೇ ಇರುತ್ತಾನೆ.

ಹಣವಿಲ್ಲ ಎನ್ನುತ್ತಾರೆ. ಹಣವಿಲ್ಲದವರು ಬೀದರ್, ಹಾವೇರಿ, ಕೊಪ್ಪಳ, ಬಾಗಲಕೋಟೆ, ಹಾಸನ, ಕೊಡಗು, ಚಾಮರಾಜನಗರ ಎಂದು ಜಿಲ್ಲೆಗೊಂದು ವಿಶ್ವವಿದ್ಯಾನಿಲಯದ ಬೋರ್ಡು ಹಾಕಿದ್ದೇಕೆ? ಬೋರ್ಡು ಬಂತು, ಕುಲಪತಿ ಬಂದರು, ಬೇಕಾದಷ್ಟು ಮೇಷ್ಟ್ರುಗಳು ಮಾತ್ರ ಬರಲಿಲ್ಲ. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾನಿಲಯಗಳನ್ನು ಮುಚ್ಚುವ ಮಾತಾಡಿತು. ಇದು ವಿದ್ಯೆಯೋ, ಮಕ್ಕಳಾಟವೋ?

ಬೋರ್ಡು ಅಂಗಡಿಯ ಮೇಲಷ್ಟೇ ಅಲ್ಲ

2023ರ ಡಿಸೆಂಬರ್ 27ರಂದು ಬೆಂಗಳೂರಿನ ಬೀದಿಗಳಲ್ಲಿ ನಾಮಫಲಕಕ್ಕಾಗಿ ಕನ್ನಡದ ಕಾರ್ಯಕರ್ತರು ಇಳಿದರು. ಬಂಧನವಾಯಿತು, ಕೇಸು ಬಿತ್ತು, ಹೆದರಲಿಲ್ಲ. 2024ರಲ್ಲಿ ನಾಮಫಲಕದಲ್ಲಿ ಶೇ. 60 ಕನ್ನಡವಿರಬೇಕೆಂಬ ತಿದ್ದುಪಡಿ ಕಾಯ್ದೆ ಬಂತು. ಅದು ನಿಮ್ಮ ಬಲ. ಅವೇ ದಿನಗಳಲ್ಲಿ ಅತಿಥಿ ಉಪನ್ಯಾಸಕರು ನವೆಂಬರ್ 23ರಿಂದ ತರಗತಿ ಬಿಟ್ಟು ಮುಷ್ಕರದಲ್ಲಿದ್ದರು. ಹೊಸ ವರ್ಷದ ದಿನ ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟರು. ಅಂಗಡಿಯ ಬೋರ್ಡಿಗೆ ಕೊಟ್ಟ ಬೆವರಿನಲ್ಲಿ ಒಂದು ಪಾಲನ್ನು ತರಗತಿಯ ಕರಿಹಲಗೆಗೂ ಕೊಡೋಣ. ಕನ್ನಡ ಬರೆಯಬೇಕಾದ ಬೋರ್ಡು ಅದೂ ಹೌದು.

ಕೇಳಬೇಕಾದದ್ದು ಹೆಚ್ಚೇನಿಲ್ಲ. ಖಾಲಿ ಹುದ್ದೆಗಳಿಗೆ ಪ್ರತಿ ವರ್ಷ ಗೊತ್ತಾದ ತಿಂಗಳಲ್ಲಿ ನೇಮಕಾತಿ ನಡೆಯಲಿ, ಪಾಠ ಮಾಡಿದ ವರ್ಷಗಳಿಗೆ ಅದರಲ್ಲಿ ಅಂಕವಿರಲಿ. ಅಲ್ಲಿಯವರೆಗೆ ಅರ್ಹರಿಗೆ ಹನ್ನೆರಡು ತಿಂಗಳೂ ಯುಜಿಸಿ ಹೇಳಿದ ಸಂಬಳ ಸಿಗಲಿ. ಪಾಠ, ಬರಹಕ್ಕಾಗಿ ಯಾರನ್ನೂ ಕೈಬಿಡುವಂತಿಲ್ಲ ಎಂದು ಲಿಖಿತ ಆದೇಶವಾಗಲಿ. ಹೊಸ ಪಠ್ಯಕ್ಕೆ ಕನ್ನಡ ಪುಸ್ತಕ ಬರೆಯಲು ವಿಶ್ವವಿದ್ಯಾನಿಲಯಗಳ ಪ್ರಸಾರಾಂಗಗಳು ಹಣ ಕೊಡಲಿ, ಮುಖಪುಟದಲ್ಲಿ ಬರೆದವರ ಹೆಸರು ದಪ್ಪಕ್ಷರದಲ್ಲಿ ಇರಲಿ.

ನಿಮ್ಮ ಕೆಲಸ ನಾಳೆಯೇ ಶುರುವಾಗಬಹುದು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಕೊಳ್ಳಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ನಿಮ್ಮ ಹತ್ತಿರದ ಸರ್ಕಾರಿ ಕಾಲೇಜಿಗೆ ಕನ್ನಡದಲ್ಲಿ ಮೂರು ಸಾಲು ಬರೆಯಿರಿ: ರಾಜ್ಯಶಾಸ್ತ್ರಕ್ಕೆ ಮಂಜೂರಾದ ಹುದ್ದೆ ಎಷ್ಟು? ಭರ್ತಿಯಾದದ್ದು ಎಷ್ಟು? ಅತಿಥಿಗಳು ಎಷ್ಟು, ಎಷ್ಟು ವರ್ಷದಿಂದ? 30 ದಿನದಲ್ಲಿ ಉತ್ತರ ಕೊಡಲೇಬೇಕು. ಆ ಉತ್ತರವನ್ನು ಹಿಡಿದು ಶಾಸಕರ ಮನೆಯ ಮುಂದೆ ನಿಲ್ಲಿ. ಮೇಷ್ಟ್ರು ಕೇಳಲಾರದ ಪ್ರಶ್ನೆಯನ್ನು ಅವರ ಶಿಷ್ಯರು ಕೇಳಲಿ.