ಕಡತದ ಕಾವಲು ಯಾರ ಹೊಣೆ?

‘ಕಡತ’ವೆಂಬ ಮಾತು ನಮಗೆ ಹೊಸದಲ್ಲ. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಮಡಿಕೆ ಹಾಕಿ, ಬಳಪದಿಂದ ಲೆಕ್ಕಪತ್ರ ಬರೆಯುತ್ತಿದ್ದ ಕಾಲದಿಂದ ಅದು ನಮ್ಮದು. ಇಂದು ಕಡತವು ಕಂಪ್ಯೂಟರನ್ನು ಸೇರಿದೆ. ಆದರೆ ಅಳಿಸಿಹೋಗುವ ಭಯ ತಪ್ಪಿಲ್ಲ.

ನಾಗರಹೊಳೆ ಕಾಡಿನಂಚಿನ ವೀರನಹೊಸಹಳ್ಳಿಯ ಸುತ್ತಣ ಹಾಡಿಗಳಲ್ಲಿ ಜೇನುಕುರುಬ ಹಿರಿಯರ ಹಾಡನ್ನು ಯಾವ ವಿದ್ಯಾರ್ಥಿಯಾದರೂ ಫೋನಿನಲ್ಲಿ ಹಿಡಿದಿಡಬಹುದು. ಆದರೆ ಹಾಡಿದವರ ಹೆಸರಾಗಲಿ ಊರಾಗಲಿ ಇಲ್ಲದೆ, ಬರಿಯ ಅಂಕಿಗಳೇ ಹೆಸರಾದ ಆ ಕಡತಗಳು ಫೋನು ಕೆಟ್ಟರೆ ಮಣ್ಣುಪಾಲು. ಹಿರಿಯರು ಮತ್ತೊಮ್ಮೆ ಹಾಡಲು ಇರುವರೆಂಬ ಭರವಸೆಯುಂಟೆ?

ಇದಕ್ಕೆ ಪರಿಹಾರ, ಕಾಲೇಜಿನ ಜಾಲಕ್ಕೆ ಸೇರಿಸಿದ ‘ನ್ಯಾಸ್’ ಎಂಬ ಸಂಗ್ರಹ ಪೆಟ್ಟಿಗೆ. ಇಂಥವುಗಳಲ್ಲಿ ಹೆಚ್ಚಿನವು ಲಿನಕ್ಸ್‌ನಿಂದ ನಡೆಯುತ್ತವೆ. ‘ಎಸ್‌ಎಸ್‌ಎಚ್’ ಮೂಲಕ ಒಳಹೊಕ್ಕು, ಅಕ್ಷರದಲ್ಲಿ ಆಜ್ಞೆ ಬರೆದು ಕೆಲಸ ಮಾಡಿಸಬಹುದು. ಮೌಸ್ ಇರುವಾಗ ಈ ಕಷ್ಟವೇಕೆಂದು ಕೆಲವರು ಕೇಳುವರು. ಹತ್ತು ಕಡತಗಳಿಗೆ ಮೌಸ್ ಸಾಕು. ಸಾವಿರ ಕಡತಗಳ ನಕಲು ನಡುವೆ ನಿಂತರೆ, ಯಾವುದು ಸೇರಿತು, ಯಾವುದು ಉಳಿಯಿತು ಎಂದು ತಿಳಿಯುವ ಬಗೆಯೇನು? ‘ಆರ್‌ಸಿಂಕ್’ ಎಂಬ ಆಜ್ಞೆಯನ್ನು ಮತ್ತೆ ಕೊಟ್ಟರೆ ಅದು ಸೇರದೆ ಉಳಿದವನ್ನಷ್ಟೇ ಸೇರಿಸುತ್ತದೆ. ಬೇಕೆಂದರೆ, ಏನನ್ನೂ ಮುಟ್ಟದೆ, ತಾನು ಮಾಡಲಿರುವುದನ್ನು ಮೊದಲೇ ತೋರಿಸುತ್ತದೆ.

ಅಪಾಯವೂ ಇಲ್ಲದಿಲ್ಲ. ಅಳಿಸುವ ‘ಆರ್‌ಎಂ’ ಆಜ್ಞೆಗೆ ಕಸದ ಬುಟ್ಟಿಯೆಂಬುದಿಲ್ಲ, ಅಳಿಸಿದ್ದು ಅಳಿಸಿದಂತೆಯೇ. ಪೆಟ್ಟಿಗೆಯಲ್ಲಿ ಕನ್ನಡಿಯಂತೆ ಜೋಡಿಸಿದ ಎರಡು ಡಿಸ್ಕುಗಳಿವೆಯೆಂದು ನೆಮ್ಮದಿಯಿಂದಿರುವುದೂ ತಪ್ಪು. ಒಂದು ಡಿಸ್ಕು ಕೆಟ್ಟರೆ ಇನ್ನೊಂದು ಕಾಯುವುದು ನಿಜ. ನಾವೇ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ಆದುದರಿಂದ ಬೇರೊಂದು ಕಡೆ ಪ್ರತಿ ಇರಲೇಬೇಕು.

ಕನ್ನಡದ ತೊಡಕೊಂದುಂಟು. ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಬರಹದಲ್ಲಿ, ಯೂನಿಕೋಡ್ ಕನ್ನಡದ ಪದವನ್ನು ಕೊಟ್ಟು ‘ಗ್ರೆಪ್’ನಿಂದ ಹುಡುಕಿದರೆ ಏನೂ ಸಿಕ್ಕದು. ಲಿನಕ್ಸ್‌ನಲ್ಲಿ ಕಡತದ ಹೆಸರಿಗೆ ಸಾಮಾನ್ಯವಾಗಿ 255 ಬೈಟುಗಳ ಮಿತಿ. ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು ಬೇಕು. ಸ್ವರಚಿಹ್ನೆಗಳನ್ನೂ ಕೂಡಿಸಿ 85 ಸಂಕೇತಗಳಿಗೆ ಹೆಸರು ಮುಗಿಯುತ್ತದೆ. ಇಂಥ ವಿಷಯ ಕನ್ನಡ ಓದುವವರಿಗಲ್ಲದೆ ಇನ್ನಾರಿಗೆ ತಟ್ಟೀತು?

ಇದು ವಿಜ್ಞಾನದವರ ವಿದ್ಯೆಯೆಂದು ಕಲಾ ವಿದ್ಯಾರ್ಥಿಗಳಾದ ನಾವು ದೂರ ನಿಲ್ಲುವುದು ಸಲ್ಲದು. ಯಾವ ಹಾಡಿಗೆ ಯಾವ ಹೆಸರು, ಯಾವುದನ್ನು ಉಳಿಸಬೇಕು ಎಂಬ ವಿವೇಚನೆ ನಮ್ಮದೇ ಶಾಸ್ತ್ರ. ವಾರಕ್ಕೊಂದು ಪಾಠವನ್ನು ಇದಕ್ಕೆ ಮೀಸಲಿಡಬೇಕೆಂದು ಅಧ್ಯಾಪಕರಲ್ಲಿ ನಮ್ರ ವಿನಂತಿ. ಸಂಗ್ರಹಿಸಿದವರೇ ಕಾಯಲು ಕಲಿಯದಿದ್ದರೆ ಸಂಗ್ರಹವೇ ವ್ಯರ್ಥ.