ತೊಡುವುದಕ್ಕೆ ಎದುರು ಮಾತು

ಇಂಗ್ಲಿಷಿನ ‘ವೇರ್’ ಎಂಬ ಒಂದೇ ಕ್ರಿಯಾಪದ ಅಂಗಿಗೂ ಸೀರೆಗೂ ಹೂವಿಗೂ ಪಾದರಕ್ಷೆಗೂ ಸಲ್ಲುತ್ತದೆ. ಅದರ ವಿರುದ್ಧಾರ್ಥವಾಗಿ ಬಾಲಕರು ‘ಟೇಕ್ ಆಫ್’ ಎಂದು ಬಾಯಿಪಾಠ ಮಾಡುತ್ತಾರೆ. ಆ ಭಾಷೆಯಲ್ಲಿಯೇ ‘ಡಾನ್’, ‘ಡಾಫ್’ ಎಂಬ ಸೊಗಸಾದ ಜೋಡಿಯೊಂದುಂಟು. ‘ಡು ಆನ್’, ‘ಡು ಆಫ್’ ಎಂಬ ಮಾತುಗಳು ಬೆಸೆದು ಆದ ರೂಪಗಳವು, ಒಂದು ಬಗೆಯ ಸಂಧಿಯೆನ್ನಬಹುದು.

ಕನ್ನಡದ ರೀತಿ ಬೇರೆ. ಸೀರೆಯನ್ನು ಉಡುತ್ತಾರೆ, ಅಂಗಿಯನ್ನು ತೊಡುತ್ತಾರೆ, ಹೂವನ್ನು ಮುಡಿಯುತ್ತಾರೆ, ಕೆರವನ್ನು ಮೆಟ್ಟುತ್ತಾರೆ, ರುಮಾಲನ್ನು ಸುತ್ತುತ್ತಾರೆ. ಎದುರು ಮಾತುಗಳೂ ಹಾಗೆಯೇ: ರುಮಾಲನ್ನು ಬಿಚ್ಚಬೇಕು, ಅಂಗಿಯನ್ನು ಕಳಚಬೇಕು, ಹೂವನ್ನು ತೆಗೆಯಬೇಕು, ಕೆರವನ್ನು ಹೊಸ್ತಿಲಾಚೆ ಬಿಡಬೇಕು. (ಗುಂಡಿ ಬಿಚ್ಚುವುದರಿಂದಲೋ ಏನೋ, ಅಂಗಿಯನ್ನೂ ಬಿಚ್ಚುವುದುಂಟು.) ಆದರೆ ಹಾವು ಪೊರೆಯನ್ನು ಕಳಚುತ್ತದೆಯೇ ಹೊರತು ಬಿಚ್ಚುವುದಿಲ್ಲ. ಕಟ್ಟಿದ್ದನ್ನು ಬಿಚ್ಚುವುದು, ಮೈಗೆ ತೊಟ್ಟದ್ದನ್ನು ಕಳಚುವುದು ಎಂಬ ವಿವೇಕ ಓದುಬರಹವರಿಯದ ಅಜ್ಜಿಗೂ ಉಂಟು.

ಹೀಗಿರಲು ‘ಹಾಕು’, ‘ತೆಗೆ’ ಎಂಬ ಒಂದು ಜೋಡಿಯನ್ನೇ ಹಲಗೆಯ ಮೇಲೆ ಬರೆದು, ‘ಕಳಚು’ ಎಂದ ಬಾಲಕನ ಉತ್ತರಕ್ಕೆ ಕೆಂಪು ಗೆರೆ ಎಳೆಯುವುದು ಉಚಿತವೆ? ಅಂಕ ಹೋದರೆ ಹೋಗಲಿ. ಮನೆಯಿಂದ ತಂದ ಮಾತೇ ತಪ್ಪೆಂದು ಆ ಮಗು ನಂಬಿಬಿಡುತ್ತದೆ. ಅಧ್ಯಾಪಕರು ಬರಿಯ ಕ್ರಿಯಾಪದವನ್ನು ಕೊಡದೆ, ‘ಅಂಗಿಯನ್ನು ತೊಡು’, ‘ಹೂವನ್ನು ಮುಡಿ’ ಎಂದು ಕರ್ಮಪದಸಹಿತವಾಗಿ ಪ್ರಶ್ನೆ ಕೇಳಲಿ.